ನಾಲ್ಕು ಬೆರಳಿನ ಉಸಿರು

ನನ್ನ ಅಕ್ಕನ ಗಂಡ ಶುದ್ಧ ಮೊಂಡ ಮನುಷ್ಯ. ಅವರ ಮನೆಯಲ್ಲಿ ನಾನು ಒಂಬತ್ತು ವರ್ಷ ಇದ್ದೆ. ‘ತಪ್ಪು ನನ್ನದು’ ಎಂಬ ಎರಡು ಪದ ಆ ಮನೆಯ ನಾಲ್ಕು ಗೋಡೆಗಳ ಒಳಗೆ ಅವರ ಬಾಯಿಂದ ಒಂದು ಸಲವೂ ಬೀಳಲಿಲ್ಲ. ಸತ್ತವರನ್ನು ಹೊಗಳಲೇಬೇಕು ಎಂಬ ನಿಯಮವನ್ನು ಯಾರು ಮಾಡಿದರೋ ತಿಳಿಯದು. ನಾನು ಅದನ್ನು ಪಾಲಿಸುವವಳಲ್ಲ.

ಅವರ ಗೋಡೆ ಗಡಿಯಾರ ದಿನವೂ ಹತ್ತು ನಿಮಿಷ ಹಿಂದೆ ಓಡುತ್ತಿತ್ತು. ಹೇಳಿದರೆ, “ಗಡಿಯಾರ ಸರಿಯಾಗೇ ಇದೆ. ರೇಡಿಯೋದವರಿಗೆ ಅವಸರ” ಎನ್ನುತ್ತಿದ್ದರು. ಬಚ್ಚಲಿಗೆ ತಾವೇ ಕೂರಿಸಿದ ಬಾಗಿಲು ಒಳಗೆ ತೆರೆದು ಪ್ರತಿ ಸಲವೂ ಬಕೆಟ್ಟಿಗೆ ಬಡಿಯುತ್ತಿತ್ತು. ತಪ್ಪು ಬಕೆಟ್ಟಿನದು ಎಂದು ತೀರ್ಮಾನವಾಯಿತು. ಬಕೆಟ್ಟು ಅಡುಗೆಮನೆಗೆ ಹೋಯಿತು. ಒಂಬತ್ತು ವರ್ಷವೂ ನಾವು ಕೈಯಲ್ಲಿ ಬಕೆಟ್ಟು ಹಿಡಿದುಕೊಂಡೇ ಸ್ನಾನಕ್ಕೆ ನಡೆದೆವು.

ಭಾವನ ಕೆಲಸ ಪೆಟ್ಟಿಗೆ ಮಾಡುವುದು. ಪ್ರಯೋಗಶಾಲೆಗಳಿಗೆ ಸೂಕ್ಷ್ಮ ತಕ್ಕಡಿಗಳನ್ನು ತಯಾರಿಸುವ ಕಾರ್ಖಾನೆಯೊಂದರ ಹಿಂದುಗಡೆ, ತಗಡಿನ ಮಾಡಿನ ಶೆಡ್ಡಿನಲ್ಲಿ ಅವರು ಮತ್ತು ಇನ್ನಿಬ್ಬರು ಬಡಗಿಗಳು ಆ ತಕ್ಕಡಿಗಳನ್ನು ದೂರದ ಊರುಗಳಿಗೆ ಕಳಿಸಲು ಮರದ ಪೆಟ್ಟಿಗೆ ಹೊಡೆಯುತ್ತಿದ್ದರು. ತಕ್ಕಡಿಗೆ ಸುತ್ತಲೂ ಗಾಜಿನ ಗೂಡು ಇರುತ್ತಿತ್ತು. ರೈಲಿನಲ್ಲಿ, ಹಡಗಿನಲ್ಲಿ ಎಷ್ಟು ಎತ್ತಿ ಎಸೆದರೂ ಅದು ಒಡೆಯಬಾರದು. ಅದಕ್ಕೆ ಭಾವನದು ಒಂದೇ ಸೂತ್ರ. ಒಳಗಿಡುವ ಮಾಲಿಗೂ ಪೆಟ್ಟಿಗೆಯ ಹಲಗೆಗೂ ನಡುವೆ ಎಲ್ಲ ಕಡೆಯೂ ನಾಲ್ಕು ಬೆರಳು ಜಾಗ ಬಿಡಬೇಕು, ಅದರ ತುಂಬ ಮರದ ಹೊಟ್ಟು ತುರುಕಬೇಕು. ಆ ಜಾಗಕ್ಕೆ ಅವರು ಇಟ್ಟಿದ್ದ ಹೆಸರು ‘ಉಸಿರು’. “ಪೆಟ್ಟಿಗೆಗೆ ಉಸಿರು ಬಿಡದವನು ಬಡಗಿಯಲ್ಲ, ಶವಪೆಟ್ಟಿಗೆ ಮಾಡೋನು” ಎಂದು ಹೊಸಬರಿಗೆ ಹೇಳುತ್ತಿದ್ದರಂತೆ. ಅವರು ಕಟ್ಟಿದ ಪೆಟ್ಟಿಗೆಯಲ್ಲಿ ಒಂದು ಗಾಜೂ ಒಡೆದಿರಲಿಲ್ಲ. ಇದು ನಿಜ. ನಿಜವಾದದ್ದೇ ತೊಂದರೆಯಾಯಿತು, ಏಕೆಂದರೆ ಆಮೇಲೆ ಅವರು ಲೋಕವನ್ನೆಲ್ಲ ನಾಲ್ಕು ಬೆರಳಿನಿಂದ ಅಳೆಯತೊಡಗಿದರು. ಅವರ ಅಂಗಿಗೆ ನಾಲ್ಕು ಬೆರಳು ಉಸಿರು. ಗಾಳಿ ಬಂದರೆ ಗದ್ದೆಯ ಬೆದರುಬೊಂಬೆಯ ಹಾಗೆ ಕಾಣುತ್ತಿದ್ದರು. ಚಪ್ಪಲಿ ಹಿಮ್ಮಡಿ ದಾಟಿ ಹಿಂದಕ್ಕೆ ಚಾಚಿರುತ್ತಿತ್ತು.

ಆ ಮನೆ ಒಂದು ಕಾಗದದ ಅಂಗಡಿಯ ಮಹಡಿಯ ಮೇಲಿತ್ತು. ಈಗ ಆ ಕಟ್ಟಡವಿಲ್ಲ. ಹೊರಗಿನಿಂದ ಕಿರಿದಾದ ಹದಿನೇಳು ಮೆಟ್ಟಿಲು. ಹತ್ತಿದರೆ ಮೊದಲು ಸಿಗುವುದೇ ಅಕ್ಕನ ಹೊಲಿಗೆಯ ಕೋಣೆ. ಬೀದಿಯ ಕಡೆಗೆ ಒಂದೇ ಕಿಟಕಿ, ಕಿಟಕಿಗೆ ಒತ್ತಿಕೊಂಡು ಕಾಲಿನಿಂದ ತುಳಿಯುವ ಯಂತ್ರ, ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಯಂತ್ರದ ಎಣ್ಣೆ, ಹೊಸ ಬಟ್ಟೆಯ ಗಂಜಿ, ಭಾವನ ಅಂಗಿಯಿಂದ ಉದುರಿದ ಮರದ ಪುಡಿ, ಈ ಮೂರೂ ಬೆರೆತ ವಾಸನೆ ಆ ಕೋಣೆಯದು. ಪ್ರಾಣಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ನಾನು ಆ ಮೇಜಿನ ಒಂದು ಮೂಲೆಯಲ್ಲೇ ಕೂತು ನನ್ನ ಪ್ರಬಂಧ ಬರೆದೆ. ಮುಂದೆ ಎಷ್ಟೋ ಒಳ್ಳೆಯ ಕೋಣೆಗಳಲ್ಲಿ ಕೂತಿದ್ದೇನೆ. ಅಷ್ಟು ಕೆಲಸ ಇನ್ನೆಲ್ಲೂ ಆಗಲಿಲ್ಲ.

ನಾನು ಹೇಳಹೊರಟ ವರ್ಷ ಅಕ್ಕನಿಗೆ ಒಂದು ಜ್ವರ ಬಂತು. ಜ್ವರ ಹೋಗುವಾಗ ಅವಳ ಎಡಗಿವಿಯನ್ನು ಪೂರ್ತಿಯಾಗಿ, ಬಲಗಿವಿಯನ್ನು ಮುಕ್ಕಾಲು ಪಾಲು ಕೊಂಡುಹೋಯಿತು. ಎದುರು ನಿಂತು ಗಟ್ಟಿಯಾಗಿ ಮಾತಾಡಿದರೆ ತಿಳಿಯುತ್ತಿತ್ತು. ಯಂತ್ರ ತುಳಿಯುವಾಗ ಏನೂ ಕೇಳಿಸುತ್ತಿರಲಿಲ್ಲ. ಗಿರಾಕಿಗಳು ಹದಿನೇಳು ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ ತಟ್ಟಿ, ಇಳಿದು ಹೋಗುತ್ತಿದ್ದರು. ಬಾಗಿಲು ತೆರೆದಿಡೋಣವೆಂದರೆ ಬೀದಿಯ ಧೂಳೆಲ್ಲ ಬಟ್ಟೆಯ ಮೇಲೆ. ಹಗಲು ನಾನೂ ಭಾವನೂ ಮನೆಯಲ್ಲಿ ಇರುತ್ತಿರಲಿಲ್ಲ.

“ಸಾಕು ಬಿಡೇ” ಎಂದರು ಭಾವ. “ಎಷ್ಟು ದಿನ ತುಳೀತೀಯ? ಮಿಷನ್ನಿಗೆ ಬಟ್ಟೆ ಹೊದಿಸಿ ಆರಾಮಾಗಿ ಕೂತ್ಕೋ.”

“ಕಿವಿ ಹೋಗಿದೆ ಕಣ್ರೀ. ಕೈ ಹೋಗಿಲ್ಲ” ಎಂದಳು ಅಕ್ಕ.

ನಾಯಿಯ ಯೋಚನೆ ಅವಳದೇ. ಭಾವನ ಶೆಡ್ಡಿನ ಹಿಂದೆ, ಹೊಟ್ಟಿನ ರಾಶಿಯಲ್ಲಿ ಒಂದು ಬೀದಿನಾಯಿ ಮರಿ ಹಾಕಿತ್ತು. ಊಟದ ಡಬ್ಬಿ ಕೊಡಲು ಹೋದವಳು ನೋಡಿದಳು: ಉಳಿದ ಮರಿಗಳು ನಿದ್ದೆಯಲ್ಲಿದ್ದವು, ಒಂದು ಕಂದು ಮರಿ ಮಾತ್ರ ಗೇಟಿನ ಕಡೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಎಗರಿ ಎಗರಿ ಬೀಳುತ್ತಿತ್ತು. ಅಕ್ಕ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಅವಳ ಲೆಕ್ಕಾಚಾರ ಸರಳ. ಕೋಣೆಯ ತುಂಬ ಸೂಜಿ, ಗುಂಡುಪಿನ್ನು, ಕತ್ತರಿ. ಮರಿಯನ್ನು ಬಿಚ್ಚಿ ಬಿಡುವ ಹಾಗಿಲ್ಲ. ಒಂದು ಪೆಟ್ಟಿಗೆಯಲ್ಲಿ ಹಾಕಿ, ಪೆಟ್ಟಿಗೆಯನ್ನು ತನ್ನ ಸ್ಟೂಲಿನ ಕಾಲಿಗೆ ತಾಗಿಸಿ ಇಡಬೇಕು. ಯಾರಾದರೂ ಬಾಗಿಲು ತಟ್ಟಿದರೆ ಮರಿ ಎಗರುತ್ತದೆ, ಪೆಟ್ಟಿಗೆ ಅಲುಗುತ್ತದೆ, ಸ್ಟೂಲು ಅಲುಗುತ್ತದೆ. ಕಿವಿಯ ಕೆಲಸವನ್ನು ಸೊಂಟ ಮಾಡುತ್ತದೆ.

ನನಗೆ ಇದು ಬುದ್ಧಿವಂತಿಕೆಯ ಮಾತಾಗಿ ಕಂಡಿತು. ಭಾವನಿಗೆ ಕಂಡದ್ದು ಪೆಟ್ಟಿಗೆ ಮಾತ್ರ.

ಎರಡು ಸಂಜೆ ಕೂತು ಮಾಡಿದರು. ಮರಿ ಬೆಳೆಯುತ್ತದಲ್ಲ ಎಂದು ತಾಯಿನಾಯಿಯನ್ನೇ ಹಿಡಿದು ಅಳೆದಿದ್ದರು. ಆ ಅಳತೆಗೆ ನಾಲ್ಕು ಕಡೆಯೂ ನಾಲ್ಕು ನಾಲ್ಕು ಬೆರಳು ಉಸಿರು. ಮುಂದೆ ಪಟ್ಟಿ ಹೊಡೆದ ಬಾಗಿಲು, ಹಿತ್ತಾಳೆಯ ಅಗುಳಿ, ಮೂಲೆಗಳೆಲ್ಲ ಉಜ್ಜಿ ನುಣುಪು. ಒಳಗೆ ಮೊಳಕಾಲುದ್ದ ಹೊಟ್ಟು ಸುರಿದರು. ಅದರಲ್ಲಿ ಬಿಟ್ಟಾಗ ಮರಿ ಕಾಣದೇ ಹೋಯಿತು.

“ರೀ, ಇದರಲ್ಲಿ ನಾನೂ ಮಲಗಬಹುದು” ಎಂದಳು ಅಕ್ಕ.

“ಮಲಗು. ನಿನ್ನ ಗೊರಕೆಗೂ ಜಾಗ ಇದೆ.”

ಮರುದಿನ ಬೆಳಿಗ್ಗೆ ಪೆಟ್ಟಿಗೆಯ ದೂರದ ಮೂಲೆಯಲ್ಲಿ ಹೇಲು ಉಚ್ಚೆ ಎರಡೂ ಇದ್ದವು. ಮೊದಲ ದಿನ, ಹೊಸ ಜಾಗ ಎಂದುಕೊಂಡೆವು. ಎರಡನೆಯ ದಿನವೂ ಅದೇ. ಮೂರನೆಯ ದಿನ ಮಧ್ಯಾಹ್ನದೊಳಗೆ ಮೂರು ಸಲ. ಅಕ್ಕ ಹೊಟ್ಟು ತೆಗೆದು, ಹಲಗೆ ತಿಕ್ಕಿ, ಹೊಸ ಹೊಟ್ಟು ಹಾಕಿ ಮತ್ತೆ ಯಂತ್ರಕ್ಕೆ ಕೂರುವಷ್ಟರಲ್ಲಿ ಇನ್ನೊಂದು ಸಲ ಆಗಿರುತ್ತಿತ್ತು. ಭಾವ ದಿನಕ್ಕೊಂದು ಕಾರಣ ಕೊಟ್ಟರು. ಹಾಲು ಜಾಸ್ತಿಯಾಯಿತು. ಬೀದಿ ಜಾತಿ, ಬುದ್ಧಿ ಹತ್ತುವುದಿಲ್ಲ. ಅಕ್ಕ ಮುದ್ದು ಮಾಡಿ ತಲೆ ಮೇಲೆ ಕೂರಿಸಿದ್ದಾಳೆ. ಪೆಟ್ಟಿಗೆಯ ಸುದ್ದಿಗೆ ಮಾತ್ರ ಹೋಗಲಿಲ್ಲ.

ನಾನು ಹೆಚ್ಚು ಓದಿದವಳು, ನಾನೂ ಕೈಹಾಕಿದೆ. ಪ್ರಾಣಿ ತಾನು ಮಲಗುವ ಜಾಗವನ್ನು ಹೊಲಸು ಮಾಡಿಕೊಳ್ಳುವುದಿಲ್ಲ ಎಂದು ಮೇಜಿನ ಮೂಲೆಯಿಂದ ಭಾಷಣ ಕೊಟ್ಟೆ.

“ಹೌದಾ? ಪಂಡಿತರೇ, ಆ ಪುಸ್ತಕ ಇದಕ್ಕೊಂದು ಸಲ ಓದಿ ಹೇಳಿ. ಇನ್ನೂ ಓದಿಲ್ಲ ಅಂತ ಕಾಣುತ್ತೆ” ಎಂದರು ಭಾವ.

ಕಾಲೇಜಿನ ಪ್ರಯೋಗಶಾಲೆಯಿಂದ ಒಂದು ಬಾಟಲಿ ಅಮೋನಿಯಾ ನೀರು ತಂದು, ಕಣ್ಣು ಉರಿಯುವಷ್ಟು ಸುರಿದು ಪೆಟ್ಟಿಗೆ ತೊಳೆದೆ. ಉಚ್ಚೆಯ ವಾಸನೆಗೂ ಅಮೋನಿಯಾಕ್ಕೂ ಇರುವ ನೆಂಟಸ್ತಿಕೆಯನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಮರಿ ಬಂತು, ಮೂಸಿತು, ಯಾರೋ ತನಗೆ ಜಾಗ ಗುರುತು ಮಾಡಿ ಕೊಟ್ಟಿದ್ದಾರೆಂದು ತಿಳಿದು ಅಲ್ಲೇ ಕಾಲೆತ್ತುವ ಮೊದಲ ಪ್ರಯತ್ನ ಮಾಡಿ ಮಗುಚಿ ಬಿತ್ತು. ಬಾಟಲಿಯನ್ನು ಸದ್ದಿಲ್ಲದೆ ಕಾಲೇಜಿಗೆ ವಾಪಸು ಒಯ್ದಿಟ್ಟೆ. ಆ ವಿಷಯವನ್ನು ನಾನೂ ಯಾರ ಹತ್ತಿರವೂ ಎತ್ತಲಿಲ್ಲ.

ಹತ್ತನೆಯ ದಿನ ಬಂತು ಏಟು. ಹತ್ತಿರದ ಶಾಲೆಯೊಂದರ ಸಮವಸ್ತ್ರಗಳನ್ನೆಲ್ಲ ಅಕ್ಕನೇ ಹೊಲಿಯುತ್ತಿದ್ದಳು. ವರ್ಷದ ಮುಕ್ಕಾಲು ಕೆಲಸ ಅದೇ. ಆ ಶಾಲೆಯ ಮುಖ್ಯೋಪಾಧ್ಯಾಯಿನಿ, ಅಕ್ಕ ಹೊಲಿದು ಕೊಟ್ಟಿದ್ದ ಗಂಟನ್ನು ತಾವೇ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದರು. ಅವರು ತೆಳ್ಳಗೆ, ನೆಟ್ಟಗೆ, ಸೀಮೆಸುಣ್ಣದ ಹಾಗೆ ಇದ್ದರು. ಅಂದು ನಾನು ಮನೆಯಲ್ಲೇ ಇದ್ದೆ.

“ನಾನೇ ಮೂಸಿ ನೋಡಿದೆ ಕಣಮ್ಮ, ಸುಮ್ಮನೆ ಹೇಳ್ತಿಲ್ಲ” ಎಂದರು, ಅಕ್ಕನಿಗೆ ತುಟಿ ಕಾಣುವಂತೆ ನಿಂತು. “ನಾಯಿಗೂಡಿನ ವಾಸನೆ. ಇದನ್ನ ಮಕ್ಕಳ ಮೈಮೇಲೆ ಹೇಗೆ ಹಾಕಲಿ?”

“ಒಗೆದು ಕೊಡ್ತೀನಿ ಮೇಡಂ.”

“ಈ ಗಂಟು ಒಗೆದು ಕೊಡು. ಮುಂದಿನ ತಿಂಗಳು ಇನ್ನೂ ದೊಡ್ಡ ಗಂಟಿದೆ. ಅದನ್ನ ಈ ಮನೆಗೆ ಕಳಿಸೋ ಧೈರ್ಯ ನನಗಿಲ್ಲ. ಬೇಜಾರು ಮಾಡ್ಕೋಬೇಡ.”

ಅವರು ಇಳಿದು ಹೋದ ಮೇಲೆ ಅಕ್ಕ ಅಂಗಿಗಳನ್ನು ಒಂದೊಂದಾಗಿ ಬಿಡಿಸಿ ಮೂಸಿದಳು. ನನ್ನನ್ನೂ ಕರೆದು ಮೂಸಿಸಿದಳು. ಮೇಡಂ ಸುಳ್ಳು ಹೇಳಿರಲಿಲ್ಲ.

ಸಂಜೆ ಭಾವ ತೀರ್ಪು ಕೊಟ್ಟರು. “ಭಾನುವಾರ ಅದನ್ನ ಶೆಡ್ಡಿಗೆ ವಾಪಸು ಬಿಟ್ಟು ಬರ್ತೀನಿ. ನಾಯಿನೂ ಬೇಡ, ಈ ತುಳಿಯೋದೂ ಬೇಡ. ಮುಗೀತು.”

ಅಕ್ಕ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಳು. ಅವಳು ಬಾಯಿಬಡುಕಿ, ಜಗಳಗಂಟಿ. ಅವಳು ಸುಮ್ಮನೆ ಕೂತದ್ದನ್ನು ನಾನು ಆ ಮೊದಲು ಕಂಡಿರಲಿಲ್ಲ. ನಾಯಿ ಹೋದರೆ ಹೋಗುವುದು ನಾಯಿಯೊಂದೇ ಅಲ್ಲ ಎಂದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು.

ಮರುದಿನ ಕಾಲೇಜಿಗೆ ರಜೆ. ಭಾಷಣ ಬದಿಗಿಟ್ಟು, ಓದಿದವಳು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಬೆಳಿಗ್ಗೆಯಿಂದ ಸಂಜೆಯವರೆಗೆ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತು, ಗಂಟೆ ಬರೆದುಕೊಂಡು, ನೋಡಿದೆ. ಮರಿ ಅಕ್ಕನ ಸ್ಟೂಲಿನ ಕಡೆಯ ತುದಿಯಲ್ಲಿ ಸುರುಳಿ ಸುತ್ತಿ ಮಲಗುತ್ತಿತ್ತು. ಎದ್ದ ಕೂಡಲೇ ನಡೆದುಕೊಂಡು ಆಚೆ ತುದಿಗೆ ಹೋಗುತ್ತಿತ್ತು. ಕೆಲಸ ಮುಗಿಸಿ, ಹೊಟ್ಟು ಕೆದರಿ, ಈಚೆಗೆ ಬಂದು ಮತ್ತೆ ಮಲಗುತ್ತಿತ್ತು. ಮಲಗುವ ಜಾಗ ಒಣಗಿಯೇ ಇತ್ತು! ಅದು ಮನೆಯನ್ನು ಹೊಲಸು ಮಾಡುತ್ತಿರಲಿಲ್ಲ. ಅದಕ್ಕೆ ಸಿಕ್ಕ ಮನೆಯಲ್ಲಿ ಒಂದು ಮಲಗುವ ಕೋಣೆ, ಒಂದು ಪಾಯಿಖಾನೆ ಇದ್ದವು. ಎರಡನ್ನೂ ಕ್ರಮವಾಗಿ ಬಳಸುತ್ತಿತ್ತು.

ಇನ್ನೊಂದನ್ನು ಕಂಡವಳು ಅಕ್ಕ. “ಇದು ಹುಟ್ಟಿದ್ದೇ ಹೊಟ್ಟಿನ ರಾಶಿಯಲ್ಲಲ್ಲವೇನೇ? ಎರಡು ತಿಂಗಳು ಅದರಲ್ಲೇ ಎಲ್ಲ ಮಾಡಿದೆ. ಕಾಲಿಗೆ ಹೊಟ್ಟು ತಾಗಿದರೆ ಅದಕ್ಕೆ ಬರುತ್ತೆ” ಎಂದಳು. ಎಂದವಳೇ ಹೊಟ್ಟನ್ನೆಲ್ಲ ಬಾಚಿ ಚೀಲಕ್ಕೆ ತುಂಬಿ, ಹಳೆಯ ಬಟ್ಟೆಯ ಚೂರುಗಳನ್ನು ಹಾಸಿದಳು.

ಭಾವ ಬಂದೊಡನೆ ನಾನು ಹೇಳಿದೆ. ನಯವಾಗಿ ಹೇಳಿದೆನೆಂದು ಹೇಳಲಾರೆ.

“ಭಾವ, ಪೆಟ್ಟಿಗೆ ದೊಡ್ಡದಾಯಿತು. ಮರಿಗೆ ಎದ್ದು ನಿಲ್ಲೋಕೆ, ತಿರುಗೋಕೆ, ಮಲಗೋಕೆ ಎಷ್ಟು ಬೇಕೋ ಅಷ್ಟೇ ಇರಬೇಕು.”

“ದೊಡ್ಡದಾಯಿತಾ? ಬೆಳೆಯೋ ಜೀವ ಅದು.”

“ಬೆಳೆದ ಮೇಲೆ ದೊಡ್ಡದು ಮಾಡಿ. ಈಗ ಉಸಿರು ಜಾಸ್ತಿಯಾಗಿದೆ.”

‘ಉಸಿರು ಜಾಸ್ತಿ’ ಎಂದದ್ದು ತಪ್ಪಾಯಿತು. ಅವರು ಚಪ್ಪಲಿ ಬಿಡುತ್ತಿದ್ದವರು ನಿಲ್ಲಿಸಿ ನನ್ನ ಮುಖ ನೋಡಿದರು.

“ಇಪ್ಪತ್ತಾರು ವರ್ಷದಿಂದ ಪೆಟ್ಟಿಗೆ ಮಾಡ್ತಿದೀನಿ. ಒಂದು ಗಾಜು ಒಡೆದಿಲ್ಲ. ಉಸಿರು ಜಾಸ್ತಿ ಆಯ್ತು ಅಂತ ಇವತ್ತು ನೀನು ಹೇಳಿಕೊಡ್ತೀಯ?”

“ಗಾಜು ಹೇಲೋದಿಲ್ಲ ಭಾವ.”

ಅಕ್ಕನಿಗೆ ಇದೊಂದು ಮಾತು ಅದು ಹೇಗೋ ಚೆನ್ನಾಗಿ ಕೇಳಿಸಿತು. ಬಾಯಿಗೆ ಬಟ್ಟೆ ಒತ್ತಿಕೊಂಡು ನಕ್ಕಳು. ಭಾವ ಊಟ ಮಾಡದೆ ಹೋಗಿ ಮಲಗಿದರು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಕಾರ್ಖಾನೆಗೆ ಹೊರಟುಹೋಗಿದ್ದರು. ಪೆಟ್ಟಿಗೆಯೊಳಗೆ, ಸ್ಟೂಲಿನ ಕಡೆಯಿಂದ ಒಂದೂವರೆ ಮೊಳದ ದೂರದಲ್ಲಿ, ಒಂದು ಹಲಗೆ ಅಡ್ಡ ನಿಂತಿತ್ತು. ಹೊಡೆದ ಮೊಳೆಗಳು ಹೊಸವು. ಸಂಜೆ ಕೇಳಿದೆ.

“ಪೆಟ್ಟಿಗೆ ನಡು ಬಾಗ್ತಿತ್ತು. ಅಡ್ಡ ಕೊಟ್ಟೆ” ಎಂದರು. “ಹಸಿ ಮರ.”

ಆ ಮರ ಹಸಿಯಾಗಿರಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ. ಆ ವಯಸ್ಸಿನಲ್ಲಿ ಅಂಥ ಸಂಯಮ ನನಗೆ ಅಪರೂಪ.

ಆಮೇಲಿನದು ದುಡಿಮೆ. ಮರಿ ಎದ್ದ ಕೂಡಲೇ, ಉಂಡ ಕಾಲು ಗಂಟೆಗೆ, ಆಡಿ ಮುಗಿದ ಮೇಲೆ, ತಪ್ಪದೆ ಕೆಳಗಿಳಿಸಿ ಅಂಗಡಿಯ ಹಿಂದಿನ ಮಣ್ಣಿನ ಜಾಗಕ್ಕೆ ಒಯ್ಯಬೇಕು. ಅಲ್ಲಿ ಮಾಡಿದರೆ ಹೊಗಳಬೇಕು. ಒಳಗೆ ಮಾಡಿದರೆ ಬೈಯದೆ ಒರೆಸಬೇಕು, ಸಾಬೂನು ಹಾಕಿ, ಅಮೋನಿಯಾ ಹಾಕದೆ. ಹಗಲಿನ ಪಾಳಿ ಅಕ್ಕನದು, ಸಂಜೆಯದು ನನ್ನದು. ಬೆಳಗಿನ ಪಾಳಿ ಯಾರದೆಂದು ಯಾರೂ ಮಾತಾಡಲಿಲ್ಲ. ಐದೂವರೆಗೆ ಮೆಟ್ಟಿಲ ಮೇಲೆ ಭಾವನ ಉದ್ದನೆಯ ಚಪ್ಪಲಿ ಪಟಪಟ ಇಳಿಯುವ ಸದ್ದು ಹಾಸಿಗೆಯಿಂದಲೇ ಕೇಳುತ್ತಿತ್ತು. ಒಂದು ದಿನ ಹಿಂದಿನ ಕಿಟಕಿಯಿಂದ ನೋಡಿದೆ. ಮರಿಯನ್ನು ಕಂಕುಳಲ್ಲಿ ಪಾರ್ಸೆಲ್ಲಿನಂತೆ ಹಿಡಿದು ತಂದು, ಮಣ್ಣಿನ ಮೇಲಿಟ್ಟು, ಕೈಕಟ್ಟಿ ನಿಂತು, “ಹ್ಞೂಂ. ಬೇಗ. ನನಗೆ ಡ್ಯೂಟಿಗೆ ಹೊತ್ತಾಯ್ತು” ಎನ್ನುತ್ತಿದ್ದರು. ಮುಗಿದಾಗ, “ಭೇಷ್” ಎಂದರು. ಮೇಲೆ ಬಂದು ನನ್ನನ್ನು ಕಂಡು, “ಹಾಲಿನವನು ಬಂದನಾ ಅಂತ ನೋಡೋಕೆ ಹೋಗಿದ್ದೆ” ಎಂದರು.

ಭಾನುವಾರ ಬಂತು. ಶೆಡ್ಡಿನ ಸುದ್ದಿ ಯಾರೂ ತೆಗೆಯಲಿಲ್ಲ. ಭಾವ ಮಧ್ಯಾಹ್ನವೆಲ್ಲ ಪತ್ರಿಕೆ ಓದಿದರು, ಒಂದೇ ಪುಟವನ್ನು.

ಎಂಟನೆಯ ದಿನಕ್ಕೆ ಪೆಟ್ಟಿಗೆ ಒಣಗಿತು. ನಡುವೆ ಎರಡು ಸಲ ತಪ್ಪಿತು. ಒಂದು ಸಲ ನನ್ನ ಅಜಾಗರೂಕತೆ, ಒಂದು ಸಲ ಗುಡುಗು. ಮೂರನೆಯ ವಾರದಲ್ಲಿ ಬಾಗಿಲು ತಟ್ಟಿದ ಕೂಡಲೇ ಮರಿ ಎಗರಿ ಹಲಗೆಗೆ ಡಿಕ್ಕಿ ಹೊಡೆಯುವುದು, ಅಕ್ಕ ಯಂತ್ರ ನಿಲ್ಲಿಸಿ “ಬಂದೇ!” ಎಂದು ಕೂಗುವುದು, ಎರಡೂ ಒಂದೇ ಉಸಿರಿನಲ್ಲಿ ನಡೆಯತೊಡಗಿದವು. ಅವಳಿಗೆ ತಾನು ಎಷ್ಟು ಜೋರಾಗಿ ಕೂಗುತ್ತೇನೆಂದು ತಿಳಿಯುತ್ತಿರಲಿಲ್ಲ. ಆ ಕೂಗು ಬೀದಿಯ ತುದಿಗೆ ಕೇಳುತ್ತಿತ್ತು. ಈಗಲೂ ಎಲ್ಲಾದರೂ ಹೊಲಿಗೆಯ ಯಂತ್ರ ಥಟ್ಟನೆ ನಿಂತರೆ, ಆ ‘ಬಂದೇ’ಗಾಗಿ ನಾನು ಒಂದು ಕ್ಷಣ ಕಾಯುತ್ತೇನೆ.

ಚಿಲ್ಲರೆ ಗಿರಾಕಿಗಳು ಮರಳಿದರು. ಶಾಲೆಯ ಗಂಟು ಬರಲಿಲ್ಲ. ತಿಂಗಳು ಹುಟ್ಟಿ ಐದು ದಿನವಾಯಿತು, ಆರಾಯಿತು. ಅದಿಲ್ಲದೆ ಆ ಯಂತ್ರಕ್ಕೆ ಕೆಲಸವಿಲ್ಲ; ಹರಿದದ್ದು ತೇಪೆ ಹಾಕಿಕೊಂಡು ಒಂದು ವರ್ಷ ತಳ್ಳಬಹುದೇನೋ, ಅಷ್ಟೇ.

“ನೀನೇ ಹೋಗಿ ಒಂದು ಮಾತು ಹೇಳಿ ಬಾ” ಎಂದೆ ಅಕ್ಕನಿಗೆ.

“ಅವರು ಮೆಲ್ಲಗೆ ಏನಾದರೂ ಅಂದರೆ ನನಗೆ ಕೇಳಿಸಲ್ಲ. ಕೇಳಿಸದೆ ನಕ್ಕುಬಿಡ್ತೀನಿ. ಬೇಡ.”

“ಯಾರೂ ಎಲ್ಲಿಗೂ ಹೋಗೋದು ಬೇಡ” ಎಂದರು ಭಾವ, ಪತ್ರಿಕೆಯ ಹಿಂದಿನಿಂದ. “ನಮ್ಮದೇನು ತಪ್ಪು? ಬೇಕಾದರೆ ಅವರೇ ಬರ್ತಾರೆ.”

ಮರುದಿನ ಸಂಜೆ ಕಾಲೇಜಿನಿಂದ ಬರುವಾಗ, ಗ್ರಂಥಾಲಯಕ್ಕೆ ಪುಸ್ತಕ ಹಿಂತಿರುಗಿಸಲೆಂದು ಹಿಂದಿನ ಬೀದಿ ಹಿಡಿದೆ. ಮುಖ್ಯೋಪಾಧ್ಯಾಯಿನಿಯ ಮನೆ ಅಲ್ಲೇ. ಗೇಟಿನ ಒಳಗೆ ಅವರು ನಿಂತಿದ್ದರು, ಹೊರಗೆ ಗಾಳಿಗೆ ಉಬ್ಬಿದ ಅಂಗಿಯೊಂದು ನಿಂತಿತ್ತು. ನಾನು ಪಕ್ಕದ ಮನೆಯ ಕಾಂಪೌಂಡಿನ ಬಳಿ ನಿಂತೆ. ಕದ್ದು ಕೇಳುವುದು ಒಳ್ಳೆಯ ಅಭ್ಯಾಸವಲ್ಲ. ಕೇಳಿದೆ.

“ನಾಯಿದೇನೂ ಇಲ್ಲ ಮೇಡಂ” ಎನ್ನುತ್ತಿದ್ದರು ಭಾವ. “ನನ್ನ ಹೆಂಡತಿದೂ ಇಲ್ಲ. ಅವಳು ದಿನಕ್ಕೆ ನಾಲ್ಕು ಸಲ ತಿಕ್ಕಿ ತೊಳೆದಿದ್ದಾಳೆ. ಪೆಟ್ಟಿಗೆ ಮಾಡಿದ್ದು ನಾನು. ಅಳತೆ ತಪ್ಪಿದ್ದು ನಾನು.”

“ಈಗ ಸರಿಯಾಗಿದೆಯಾ?”

“ನನ್ನ ಮಾತು ನಂಬಬೇಡಿ. ಇದನ್ನ ಮೂರು ದಿನ ಆ ಪೆಟ್ಟಿಗೆ ಮೇಲೇ ಇಟ್ಟಿದ್ದೆ” ಎಂದು ಭಾವ ತಮ್ಮ ಊಟದ ಚೀಲದಿಂದ ಮಡಿಸಿದ ಒಂದು ಬಿಳಿ ಬಟ್ಟೆ ತೆಗೆದರು. ಬಿಡಿಸಿ, ಎರಡು ಕೈಗಳ ಮೇಲೆ ಹರಡಿಕೊಂಡು, ಗೇಟಿನ ಕಂಬಿಗಳ ನಡುವೆ ಅವರ ಮುಖದ ಹತ್ತಿರಕ್ಕೆ ಚಾಚಿದರು.

“ಮೂಸಿ ನೋಡಿ ಮೇಡಂ.”